ಪ್ರೋಟಾನು ಒಡೆಯುವ ಊರಲ್ಲಿ ನಾನು ಹೆದರಿದ್ದು

ಅನಘಾ, ಧನುಷ್, ನಾನು ವಾಪಸು ಬಂದ ದಿನ ನೀವಿಬ್ಬರೂ ಬಾಗಿಲಲ್ಲೇ ಹಿಡಿದು, "ಅಜ್ಜಿ, ಫಾರಿನ್ ಹೆಂಗಿತ್ತು?" ಎಂದು ಕೇಳಿದಿರಿ. ಚೆನ್ನಾಗಿತ್ತು ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟೆ. ನಾಲ್ಕು ಜನ ನನ್ನ ಮುಖ ನೋಡುತ್ತಾ ಕೂತರೆ ನನಗೆ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ಬರೆಯುವುದಾದರೆ ಪರವಾಗಿಲ್ಲ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಮೇಷ್ಟರು ತಿದ್ದಿಸಿದ ಅಕ್ಷರ ಇನ್ನೂ ಕೈಯಲ್ಲಿದೆ.

ಆ ದೇಶದಲ್ಲಿ ಹಿಮದ ಬೆಟ್ಟ ಇತ್ತು, ನೀಲಿ ಕೆರೆ ಇತ್ತು, ನಿಮಗೆ ತಂದ ಚಾಕೊಲೇಟಿನಂಥದ್ದು ರಾಶಿ ರಾಶಿ ಇತ್ತು. ನಾನು ಅಲ್ಲಿ ಮುಖ್ಯವಾಗಿ ಮಾಡಿದ್ದು ಹೆದರುವ ಕೆಲಸ. ಅದನ್ನೇ ಬರೆಯುತ್ತೇನೆ.

ತಲಘಟ್ಟಪುರ

ನಿಮ್ಮ ಚಿಕ್ಕಮ್ಮ ರೇವತಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾಳೆ ಎಂದು ನಿಮಗೆ ಗೊತ್ತು. ಅವಳ ಸಂಶೋಧನೆ ಮಾತ್ರ ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿ ನೆಲದ ಕೆಳಗೆ ಉಂಗುರದ ಹಾಗೆ ಸುರಂಗ ಕೊರೆದು, ಕಣ್ಣಿಗೆ ಕಾಣದ ಪ್ರೋಟಾನುಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಒಳಗೆ ಏನಿದೆ ಎಂದು ನೋಡಲು. ರೇವತಿ ಒಂದು ತಿಂಗಳು ಅಲ್ಲಿರಬೇಕಿತ್ತು. ಮಗಳು ತನ್ವಿಗೆ ಆಗ ಆರು ತಿಂಗಳು, ಇನ್ನೂ ಹಾಲು ಕುಡಿಯುವ ಕೂಸು. ಅಳಿಯಂದಿರಿಗೆ ಪರೀಕ್ಷೆಯ ಕೆಲಸ, ರಜೆಯಿಲ್ಲ. ಮಗು ನೋಡಿಕೊಳ್ಳಲು ನಾನು ಹೊರಡಬೇಕಾಯಿತು.

ಎದುರುಮನೆ ಗೌರಮ್ಮ ಸುದ್ದಿ ಕೇಳಿ ಗೇಟಿನ ಹತ್ತಿರವೇ ಬಂದಳು.

"ಏನ್ ರತ್ನಮ್ಮ, ಪ್ರಪಂಚ ಒಡೆಯೋ ಮಿಷನ್ ಇರೋ ಊರಿಗೆ ಹೋಗ್ತಿದ್ದೀಯಂತೆ? ಟೀವೀಲಿ ತೋರ್ಸಿದ್ರು ಕಣೆ. ದೊಡ್ಡ ತೂತು ಬಿದ್ದು ಎಲ್ಲಾನೂ ಒಳಗೆ ಎಳ್ಕೊಂಡ್ಬಿಡುತ್ತಂತೆ!"

ಒಳಗಿನಿಂದ ರೇವತಿ ಕೂಗಿದಳು. "ಎಳ್ಕೊಂಡ್ರೆ ನೀವೂ ಬರ್ತೀರಾ ಗೌರತ್ತೆ. ತಲಘಟ್ಟಪುರನೂ ಪ್ರಪಂಚದಲ್ಲೇ ಇರೋದು!"

ಗೌರಮ್ಮನಿಗೆ ನಗು ಬಂತು. ನನಗೆ ಬರಲಿಲ್ಲ. ಪ್ರಪಂಚ ಒಡೆಯುವ ಚಿಂತೆ ನನಗಿರಲಿಲ್ಲ. ನನ್ನನ್ನು ಕಾಡುತ್ತಿದ್ದದ್ದು ನೆಲದ ಕೆಳಗೆ ಎಂಬ ಮಾತು.

ನಿಮ್ಮ ತಾತ ಮೋಟಾರು ರಿಪೇರಿ ಮಾಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಯಾರದೋ ತೋಟದ ಹಳೇ ಬಾವಿಗೆ ಪಂಪು ನೋಡಲು ಇಳಿದರು. ಒಳಗೆ ಕೆಟ್ಟ ಗಾಳಿ ತುಂಬಿತ್ತು. ಮೇಲಿದ್ದವರು ಕೂಗಿದರೆ ಮೊದಲು ಓಗೊಟ್ಟರು, ಆಮೇಲೆ ಇಲ್ಲ. ನನಗೆ ಸುದ್ದಿ ಮುಟ್ಟಿ ಓಡಿ ಹೋದಾಗಲೂ ಹಗ್ಗ ಹಾಗೇ ಇಳಿಬಿಟ್ಟಿತ್ತು. ರೇವತಿ ಆಗ ಮೂರನೇ ಕ್ಲಾಸು. ಅಂದಿನಿಂದ ನಾನು ಬಾವಿಯೊಳಗೆ ಇಣುಕಿಲ್ಲ. ಜಯನಗರದಲ್ಲಿ ಬಟ್ಟೆ ಅಂಗಡಿಗೆ ಹೋದರೂ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಕಡೆಗೆ ನಾನು ಬರುವುದಿಲ್ಲ, ರಸ್ತೆಯಲ್ಲೇ ನಿಲ್ಲುತ್ತೇನೆ. ಅಜ್ಜಿಗೆ ಮಂಡಿನೋವು ಎಂದು ನೀವು ತಿಳಿದಿದ್ದೀರಿ.

ಸೂಟ್‌ಕೇಸಿಗೆ ರಾಗಿ ಹಿಟ್ಟು, ಸಾರಿನಪುಡಿ, ಮಗುವಿನ ಎಣ್ಣೆ ಎಲ್ಲ ತುಂಬಿದೆ. ಕೊನೆಗೆ ಒಂದು ಲಾಳದ ಮೊಳೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಎತ್ತಿನ ಗೊರಸಿಗೆ ಹೊಡೆಯುವ ಮೊಳೆ ಅದು. ನಮ್ಮ ಕಡೆ ಬಾಣಂತಿ, ಕೂಸು ಮನೆಯಿಂದಾಚೆ ಕಾಲಿಟ್ಟರೆ ಜೊತೆಗೆ ಚೂರಾದರೂ ಕಬ್ಬಿಣ ಇರಬೇಕು. ಹೆದರಿಕೆ ತಟ್ಟುವುದಿಲ್ಲ ಎಂದು. ನೀವಿಬ್ಬರೂ ಅಂಥ ಕಬ್ಬಿಣದ ಪಕ್ಕದಲ್ಲೇ ಮಲಗಿ ಬೆಳೆದವರು.

ವಿಮಾನ ನಿಲ್ದಾಣ

ತಪಾಸಣೆಯ ಜಾಗದಲ್ಲಿ ಎಲ್ಲರೂ ಚಪ್ಪಲಿ, ಬ್ಯಾಗು, ಬೆಲ್ಟು ಬಿಚ್ಚಿ ಟ್ರೇಯಲ್ಲಿ ಇಡುತ್ತಿದ್ದರು. ಟ್ರೇ ತಾನಾಗಿ ಉರುಳಿ ಕಪ್ಪು ಪರದೆಯೊಳಗೆ ಹೋಗುತ್ತಿತ್ತು. ರೇವತಿ ಮುಂದೆ ಹೋಗಿಬಿಟ್ಟಿದ್ದಳು. ಹಿಂದಿನವರು ಬೇಗ ಬೇಗ ಎನ್ನುತ್ತಿದ್ದರು. ನನ್ನ ಕೈಯಲ್ಲಿದ್ದದ್ದು ಮಗು ಒಂದೇ. ಒಂದು ದೊಡ್ಡ ಟ್ರೇ ಎಳೆದು, ಶಾಲು ಹಾಸಿ, ತನ್ವಿಯನ್ನು ಮಲಗಿಸಲು ಬಗ್ಗಿದೆ.

"ಅಯ್ಯೋ ಅಜ್ಜಿ! ಮಗು ಬೇಡ, ಮಗು ಬೇಡ!" ಎಂದು ಕಾವಲಿನ ಹುಡುಗಿ ಓಡಿಬಂದಳು. ಸಾಲಿನವರೆಲ್ಲ ನಕ್ಕರು. ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. ವಿಮಾನ ಏರುವವರೆಗೂ ತಲೆ ಎತ್ತಲಿಲ್ಲ.

ವಿಮಾನ ಓಡಿ ಎದ್ದಾಗ ರೇವತಿಯ ಕೈ ಹಿಡಿದವಳು ಊಟ ಬರುವ ತನಕ ಬಿಡಲಿಲ್ಲ. ಊಟದಲ್ಲಿ ಮೊಸರೊಂದು ಗುರುತು ಸಿಕ್ಕಿತು, ಬಾಯಿಗಿಟ್ಟರೆ ಅದೂ ಸಿಹಿ.

ಅತಿಥಿಗೃಹ

ಅಲ್ಲಿ ಇಳಿದ ಮೇಲೆ ನನ್ನನ್ನು ಹೆದರಿಸಿದ್ದು ಮೌನ. ನಮ್ಮ ಕನಕಪುರ ರಸ್ತೆಯಲ್ಲಿ ಹಾರನ್ನು ನಿಂತರೆ ಯಾರೋ ದೊಡ್ಡವರು ಹೋಗಿಬಿಟ್ಟರೇನೋ ಎನಿಸುತ್ತದೆ. ಅಲ್ಲಿ ದಿನವೂ ಹಾಗೇ. ಭಾನುವಾರ ಬಟ್ಟೆ ಒಗೆಯುವ ಮಿಷನ್ನು ಹಾಕುವಂತಿಲ್ಲ, ಸದ್ದಾಗುತ್ತದಂತೆ. ಮಗುವಿನ ಬಟ್ಟೆಗೆ ಭಾನುವಾರ ಗೊತ್ತೇ? ಬಚ್ಚಲಿನಲ್ಲಿ ಕೂತು, ಬಟ್ಟೆಯನ್ನು ಕುಕ್ಕದೆ, ಕಳ್ಳಿಯ ಹಾಗೆ ಕೈಯಲ್ಲೇ ತಿಕ್ಕಿ ಹಿಂಡಿದೆ.

ರಸ್ತೆ ದಾಟಲು ನಿಂತರೆ ಕಾರು ನಿಲ್ಲುತ್ತದೆ. ನಮ್ಮಲ್ಲಿ ಕಾರು ನಿಂತರೆ ಬೈಯಲಿಕ್ಕೆ ತಾನೆ? ಮೊದಲ ದಿನ ಹಾಲು ತರಲು ಹೊರಟಾಗ ಕಾರಿನಾತ ನೀವು ಹೋಗಿ ಎಂದು ಕೈ ತೋರಿಸಿದ, ನಾನು ನೀವೇ ಹೋಗಿ ಎಂದು ಕೈ ತೋರಿಸಿದೆ. ಆತ ಮತ್ತೆ ತೋರಿಸಿದ, ನಾನೂ ಮತ್ತೆ ತೋರಿಸಿದೆ. ಹಿಂದೆ ಕಾರುಗಳ ಸಾಲೇ ನಿಂತಿತು. ಒಬ್ಬರೂ ಹಾರನ್ನು ಮಾಡಲಿಲ್ಲ. ಅದೇ ಇನ್ನೂ ಭಯವಾಗಿ, ಮಗುವನ್ನು ಎತ್ತಿಕೊಂಡು ಮನೆಗೆ ತಿರುಗಿಬಿಟ್ಟೆ. ಹಾಲು ಅವತ್ತು ಬರಲಿಲ್ಲ.

ಅಲ್ಲಿ ನನಗೆ ಕನ್ನಡ ಸಿಕ್ಕಿದ್ದು ಬಸವರಾಜನಿಂದ. ಗದಗಿನ ಕಡೆಯವನು. ನಲವತ್ತು ದಾಟಿರಬೇಕು. ರೇವತಿಯ ಗುಂಪಿನ ಇಂಜಿನಿಯರು. ಬೆಂಗಳೂರಲ್ಲಿ ಬಿಟಿಎಂನಲ್ಲಿ ಬಾಡಿಗೆಗಿದ್ದಾನೆ. ನನ್ನ ಮುಖ ನೋಡಿದ ಕೂಡಲೇ, "ಯಾಕ್ರಿ ಅಮ್ಮಾರ, ಅಂಜೀರೇನು?" ಎಂದ.

ನಾನು ತಲೆ ತಗ್ಗಿಸಿದೆ.

"ಅಂಜಬ್ಯಾಡ್ರಿ. ಈ ಊರಾಗ ಅಂಜೂವಂಥಾದ್ದು ಏನೂ ಇಲ್ಲ. ನಾ ಅಂಜೂದು ಬಿಟಿಎಂನಾಗಿನ ನಮ್ಮ ಮನಿ ಮಾಲೀಕರಿಗೆ ಅಷ್ಟ."

ಅಡುಗೆಮನೆಯ ಮೇಜು

ಒಂದು ಸಂಜೆ ಸಾರಿಗೆ ಅವರೆಕಾಳು ಸುಲಿಯುತ್ತಿದ್ದೆ. ಊರಿಂದ ತಂದ ಒಣಕಾಳು, ನೆನೆಹಾಕಿ ಒಂದೊಂದನ್ನೇ ಹಿಸುಕಿ ಸಿಪ್ಪೆ ತೆಗೆಯುತ್ತಿದ್ದೆ. ರೇವತಿ ಮಗುವಿಗೆ ಹಾಲು ಕೊಡುತ್ತಾ ಕೂತಿದ್ದಳು. ಧೈರ್ಯ ಮಾಡಿ ಕೇಳಿದೆ, ಆ ಪ್ರೋಟಾನನ್ನು ಯಾಕೆ ಒಡೆಯುತ್ತೀರಿ, ಅದರ ಪಾಡಿಗೆ ಅದಿದ್ದರೆ ಏನು ನಷ್ಟ ಎಂದು.

"ಈ ಲೋಟ, ಈ ಕಾಳು, ನೀನು, ತನ್ವಿ, ಎಲ್ಲಾದ್ರಲ್ಲೂ ಪ್ರೋಟಾನು, ನ್ಯೂಟ್ರಾನು ಇದೆಯಮ್ಮ. ನಾವು ಯಾವುದ್ರಿಂದ ಆಗಿದ್ದೀವಿ ಅಂತ ನೋಡ್ಬೇಡ್ವಾ?"

"ಒಳಗೆ ಏನಿದೆ?"

ಅವಳು ಮೂರು ಕಾಳು ತೆಗೆದು ನನ್ನ ಅಂಗೈಯಲ್ಲಿಟ್ಟು ಮುಚ್ಚಿದಳು. "ಪುಸ್ತಕದಲ್ಲಿ ಮೂರು ಕ್ವಾರ್ಕು ಅಂತ ಬರೀತಾರೆ. ಮೆಲ್ಲಗೆ ಹೊಡೆದು ನೋಡಿದ್ರೆ ಮೂರೇ ಅನ್ಸುತ್ತೆ. ಜೋರಾಗಿ ಹೊಡೆದು ನೋಡಿದ್ರೆ ಒಳಗೆ ಜಯನಗರ ನಾಲ್ಕನೇ ಬ್ಲಾಕು, ಹಬ್ಬದ ಹಿಂದಿನ ದಿನ. ಕಾಲಿಡೋಕೆ ಜಾಗ ಇಲ್ಲ. ಆ ಮೂರನ್ನ ಹಿಡಿದಿಡೋ ಅಂಟಿನ ಕಣ, ಗ್ಲೂಆನ್ ಅಂತಾರೆ, ಅವು ಲೆಕ್ಕವಿಲ್ಲದಷ್ಟು. ಮಧ್ಯದಲ್ಲಿ ಹೊಸ ಹೊಸ ಜೋಡಿ ಹುಟ್ಟುತ್ತೆ, ಮಾಯ ಆಗುತ್ತೆ. ಜೋರು ಹೆಚ್ಚಿಸಿದಷ್ಟೂ ಜನ ಹೆಚ್ಚು ಕಾಣ್ತಾರೆ."

"ಯಾವುದು ಯಾವುದಕ್ಕೆ ಹೊಡೆಯುತ್ತೆ ಹಾಗಾದ್ರೆ?"

"ಅದೇ ನನ್ನ ಕೆಲಸ. ಎರಡು ಕಾಳಿನ ಚೀಲ ಎದುರುಬದುರು ಎಸೆದ ಹಾಗೆ. ಚೀಲಕ್ಕೆ ಚೀಲ ಬಡಿಯಲ್ಲ. ಇದರೊಳಗಿನ ಒಂದು ಕಾಳು ಅದರೊಳಗಿನ ಒಂದು ಕಾಳಿಗೆ ಬಡಿಯುತ್ತೆ. ಬಡಿದದ್ದು ಯಾವ್ದು, ಚೀಲದ ಓಟದಲ್ಲಿ ಅದರ ಪಾಲು ಎಷ್ಟಿತ್ತು, ಮೊದಲೇ ನೋಡೋಕಾಗಲ್ಲ. ಸಿಡಿದು ಬಂದಿದ್ದನ್ನ ನೋಡಿ ಹಿಂದಕ್ಕೆ ಲೆಕ್ಕ ಹಾಕ್ಬೇಕು."

ನಾನು ಮೂರು ಕಾಳಿನ ತೂಕ ನೋಡುತ್ತಿದ್ದೆ. ಅದನ್ನು ಕಂಡು ಅವಳಿಗೆ ಇನ್ನೂ ಹುರುಪು ಬಂತು. "ತಮಾಷೆ ಗೊತ್ತಾ? ಆ ಮೂರರ ತೂಕ ಕೂಡಿಸಿದ್ರೆ ಪ್ರೋಟಾನಿನ ತೂಕದಲ್ಲಿ ಒಂದು ಚಿಟಿಕೆ. ಉಳಿದಿದ್ದೆಲ್ಲ ಅವುಗಳ ಓಡಾಟ, ಅಂಟಿನ ಎಳೆದಾಟ. ನಮ್ಮ ತೂಕ ಅನ್ನೋದು ಹೆಚ್ಚಿನಂಶ ಅದೇ."

ನನಗೆ ತಮಾಷೆ ಎನಿಸಲಿಲ್ಲ. ಕೂತ ಕುರ್ಚಿಯನ್ನು ಒತ್ತಿ ನೋಡಿದೆ. ಗಟ್ಟಿಯಿತ್ತು. ಗಟ್ಟಿಯೆಂದರೆ ಏನು ಎಂದು ಗೊತ್ತಾಗದೆ ಹೋಯಿತು.

"ಒಂದನ್ನ ಹೊರಗೆ ಎಳೆದ್ರೆ?"

"ಬರಲ್ಲ. ಎಳೆದಷ್ಟೂ ದೂರ ಅಂಟು ಬಿಡೋದೇ ಇಲ್ಲ. ಕೊನೆಗೆ ಹರಿದ್ರೆ, ಹರಿದ ಜಾಗದಲ್ಲಿ ಹೊಸ ಜೋಡಿ ಹುಟ್ಟಿ ಅಂಟ್ಕೊಳ್ಳುತ್ತೆ. ಒಂಟಿ ಕ್ವಾರ್ಕನ್ನ ಇವತ್ತಿನವರೆಗೆ ಯಾರೂ ನೋಡಿಲ್ಲ. ನ್ಯೂಟ್ರಾನಾದ್ರೂ ಒಂಟಿಯಾಗಿ ಹೊರಗೆ ಬರುತ್ತೆ, ಆದ್ರೆ ಬಾಳಲ್ಲ, ಕಾಲು ಗಂಟೆಯಷ್ಟರಲ್ಲಿ ಒಡೆದುಹೋಗುತ್ತೆ. ಪರಮಾಣುವಿನ ಒಳಗೆ ಬೇರೆಯವರ ಜೊತೆ ಇದ್ರೆ ಸಾಮಾನ್ಯವಾಗಿ ಎಷ್ಟು ಕಾಲ ಬೇಕಾದ್ರೂ ಇರುತ್ತೆ."

ಇದನ್ನು ಅವಳು ಮಗುವಿನ ಬೆನ್ನು ತಟ್ಟುತ್ತಾ ಹೇಳಿದಳು. ನಾನು ಎದ್ದು ಒಲೆ ಸಣ್ಣ ಮಾಡಿದೆ.

ಆಮೇಲೆ ಊಟ ಮಾಡುವಾಗ ಮೆಲ್ಲಗೆ ಹೇಳಿದಳು, ನಾಡಿದ್ದು ಕೆಳಗೆ ಹೋಗಬೇಕು ಎಂದು. ರಿಪೇರಿಗೆಂದು ಪ್ರೋಟಾನುಗಳ ಓಟವನ್ನು ಕೆಲವು ದಿನ ನಿಲ್ಲಿಸಿದ್ದರು. ಅವಳ ಗುಂಪಿನ ಸಲಕರಣೆಯಲ್ಲಿ ಒಂದು ಕೇಬಲ್ಲು ಕೆಟ್ಟಿತ್ತು. ತರಬೇತಿಯಲ್ಲಿ ತೆಗೆದ ಫೋಟೋ ತೋರಿಸಿದಳು. ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಒಂದು ಡಬ್ಬಿ.

"ಇದೇನು ಡಬ್ಬಿ?"

"ಮುಖಕ್ಕೆ ಹಾಕ್ಕೊಳ್ಳೋದು. ಆಮ್ಲಜನಕ. ಅಯಸ್ಕಾಂತನ ತಣ್ಣಗಿಡೋಕೆ ಹೀಲಿಯಂ ತುಂಬಿರ್ತಾರೆ. ಅದು ಸೋರಿದ್ರೆ ಉಸಿರಾಡೋ ಗಾಳಿನ ತಳ್ಳಿಬಿಡುತ್ತೆ. ಸೋರಲ್ಲಮ್ಮ. ರೂಲ್ಸು ಅಂತ ಹಾಕ್ಕೊಳ್ತೀವಿ."

ಹೋಗಬೇಡ ಎನ್ನಬೇಕಿತ್ತು. ಸಾರು ಬಡಿಸಲೇ ಎಂದು ಕೇಳಿದೆ.

ಮಾರನೆಯ ದಿನ ಅವಳು ಕೆಲಸಕ್ಕೆ ಹೋದಾಗ, ಅವಳ ದಪ್ಪ ಕೋಟಿನ ಅಂಚು ಬಿಚ್ಚಿದೆ. ಮೊಳೆಯನ್ನು ಒಳಗಿಟ್ಟು ಎರಡೆರಡು ಸಲ ಹೊಲಿದು ಮುಚ್ಚಿದೆ.

ಗುಂಡಿಯ ಬಾಯಿ

ಕೋಟು ಹಾಕಿಕೊಂಡು ಅವಳು ಹೊರಟಾಗ ನಾನು ಎದುರಿಗೆ ಬರಲಿಲ್ಲ. ಗಂಡ ಹೋದವಳು ಹೊರಟವರಿಗೆ ಎದುರಾಗಬಾರದು ಎಂದು ನನ್ನ ಅತ್ತೆಯವರ ಕಾಲದಿಂದ ಕೇಳಿ ಕೇಳಿ ಮೈಗೆ ಹತ್ತಿಹೋಗಿದೆ. ರೇವತಿ ಇದಕ್ಕೆ ಬೈಯುತ್ತಾಳೆ. ಮಗುವಿಗೆ ಎಣ್ಣೆ ಹಚ್ಚುವ ನೆಪದಲ್ಲಿ ಒಳಗೇ ಉಳಿದೆ.

ಸ್ವಲ್ಪ ಹೊತ್ತಿಗೆ ಬಸವರಾಜ ಬಂದ. ಮಗುವಿಗೆ ಹಾಲು, ಹಣ್ಣು ತಂದುಕೊಡಲು ರೇವತಿ ಹೇಳಿದ್ದಳಂತೆ. ಚಹಾ ಕೊಟ್ಟು, ನೀವು ಕೆಳಗೆ ಹೋಗಲಿಲ್ಲವೇ ಎಂದು ಕೇಳಿದೆ.

"ನನಗ ಬಿಡಂಗಿಲ್ರಿ." ಎದೆ ಮುಟ್ಟಿ ತೋರಿಸಿದ. "ಇದರಾಗ ಸಣ್ಣ ಮಿಷಿನ್ ಐತಿ, ಪೇಸ್‌ಮೇಕರ್. ಕೆಳಗಿನ ಅಯಸ್ಕಾಂತ ಭಾಳ ದೊಡ್ಡದು, ಒಂದು ಮನಿಗಿಂತ ದೊಡ್ಡದು. ಓಟ ನಿಲ್ಲಿಸ್ಯಾರ ಖರೆ, ಅಯಸ್ಕಾಂತ ಇವತ್ತ ಚಾಲೂ ಇಟ್ಟಾರ, ಪರೀಕ್ಷಾ ಮಾಡಾಕ. ಅದರ ಹಂತ್ಯಾಕ ಕಬ್ಬಿಣ ಒಯ್ಯಂಗಿಲ್ರಿ. ಒಂದು ಸಣ್ಣ ಮೊಳಿ ಇದ್ರೂ ಗುಂಡಿನಂಗ ಹಾರತೈತಿ. ನಡುವ ಯಾರರ ಇದ್ರಂದ್ರ ಮುಗೀತು."

ಅವನು ಇನ್ನೂ ಏನೋ ಹೇಳುತ್ತಿದ್ದ, ಕೇಳಿಸಲಿಲ್ಲ. ಮೊಳೆ ಎಂದೇ ಹೇಳಿದ್ದ. ಇನ್ನೊಬ್ಬರ ಮನೆಯ ಗಂಡಸು, ಪರಿಚಯವಾಗಿ ವಾರವಾಗಿಲ್ಲ. ಹೇಗೆ ಹೇಳಲಿ? ಗೋಡೆ ಹಿಡಿದು ನಿಂತೆ.

"ಕೋಟಿನಲ್ಲಿ ಇದೆ," ಎಂದೆ.

"ಏನ್ರಿ?"

"ಮೊಳೆ. ರೇವತಿ ಕೋಟಿನಲ್ಲಿ. ನಾನೇ ಹೊಲಿದೆ. ಅವಳಿಗೆ ಗೊತ್ತಿಲ್ಲ."

ಅವನು ನನ್ನನ್ನು ಬೈಯಲಿಲ್ಲ. ಲೋಟ ಇಟ್ಟು ಫೋನು ಎತ್ತಿದ. ರೇವತಿಯ ಫೋನು ಹೊಡೆದುಕೊಂಡೇ ಇತ್ತು. ಕೆಳಗೆ ಹೋಗುವಾಗ ಅದನ್ನು ಮೇಲೆಯೇ ಬಿಟ್ಟು ಹೋಗುತ್ತಾರಂತೆ. ಮತ್ತೆ ಯಾರಿಗೋ ಮಾಡಿ ಅವರ ಭಾಷೆಯಲ್ಲಿ ಜೋರಾಗಿ ಮಾತಾಡಿದ. "ಆಗಲೇ ಇಳದಾರಂತ. ಕೆಳಗಿನ ಫೋನಿಗೆ ಮಾಡ್ತಾರ. ನಡೀರಿ."

ಮಗುವನ್ನು ಎದೆಗೆ ಒತ್ತಿಕೊಂಡು ಕಾರಿನಲ್ಲಿ ಕೂತೆ. ಸುರಂಗಕ್ಕೆ ಇಳಿಯುವ ಗುಂಡಿ ಇರುವುದು ಊರಾಚೆ, ಹೊಲಗಳ ನಡುವೆ. ಹಳದಿ ಹೂವಿನ ಹೊಲ, ಕೊರಳಿಗೆ ಗಂಟೆ ಕಟ್ಟಿದ ಹಸುಗಳು. ಇದರಡಿಯಲ್ಲಿ ನನ್ನ ಮಗಳು ನಡೆಯುತ್ತಿದ್ದಾಳೆ, ಅವಳ ಕಾಲಿನ ಪಕ್ಕದಲ್ಲಿ ನಾನು ಇಟ್ಟದ್ದು ಇದೆ.

ಗೇಟಿನಲ್ಲಿ ಕಾವಲಿನ ಹೆಂಗಸು ಬಸವರಾಜನ ಕಾರ್ಡು ನೋಡಿ ಒಳಗೆ ಬಿಟ್ಟಳು. ನನ್ನ ಹತ್ತಿರ ಕಾರ್ಡಿಲ್ಲ. ಅವಳು ತನ್ನ ಕುರ್ಚಿಯನ್ನೇ ತಂದು ನನಗೆ ಹಾಕಿದಳು. ಎದುರಿಗೆ ಕಿಟಕಿಯಿಲ್ಲದ ದೊಡ್ಡ ಕಟ್ಟಡ. ಗುಂಡಿಯ ಬಾಯಿ ಅದರೊಳಗಿದೆಯಂತೆ. ಮಗು ಹಸಿದು ಅತ್ತಿತು. ಸಮಾಧಾನ ಮಾಡಲು ನನ್ನ ಬಾಯಲ್ಲಿ ಒಂದು ಜೋಗುಳವೂ ಬರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತಿದ್ದಾಗಲೂ ಹೀಗೇ. ರೇವತಿ ಅತ್ತಿದ್ದಳು, ನಾನು ಸುಮ್ಮನೆ ಹಗ್ಗ ನೋಡುತ್ತಿದ್ದೆ. ಈಗ ಆ ಕಟ್ಟಡದ ಬಾಗಿಲನ್ನು ನೋಡುತ್ತಾ ಕೂತೆ. ಯಾರೂ ಬರಲಿಲ್ಲ. ಆಮೇಲೂ ಬರಲಿಲ್ಲ.

ಬಾಗಿಲು ತೆರೆದಾಗ ಅವಳು ಕೋಟಿಲ್ಲದೆ ಬಂದಳು. ಚಳಿಗೆ ಕೈ ಕಟ್ಟಿಕೊಂಡು, ಮುಖ ಬಿಳುಚಿಕೊಂಡು, ನಡೆದು ಬಂದಳು. ಕೋಟು ಬಸವರಾಜನ ಕೈಯಲ್ಲಿತ್ತು. ನನ್ನ ಮುಂದೆ ನಿಂತು ಮಗುವನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡಳು.

"ಏನಮ್ಮಾ ಇದು? ಏನ್ ಮಾಡಿದ್ದೀಯ ಗೊತ್ತಾ?"

ನಾನು ಅವಳ ತೋಳು, ಕತ್ತು, ಮುಖ ಮುಟ್ಟಿ ನೋಡುತ್ತಿದ್ದೆ.

"ನಡೀತಾ ಇದ್ದೆ. ಕೋಟಿನ ಅಂಚು ತಾನಾಗೇ ಮೇಲೆದ್ದಿತು. ಯಾರೋ ಚಿಕ್ಕ ಮಗು ಲಂಗ ಹಿಡಿದು ಎಳೆದ ಹಾಗೆ. ಮುಂದೆ ಇಬ್ಬರು ಬಗ್ಗಿ ಕೆಲಸ ಮಾಡ್ತಿದ್ರು. ಎರಡೂ ಕೈಯಲ್ಲಿ ಅಂಚು ಹಿಡ್ಕೊಂಡು ಹಿಂದೆ ಹಿಂದೆ ನಡೆದೆ. ಗೋಡೆ ಫೋನು ಆಗ ಹೊಡ್ಕೊಂಡಿದ್ದು." ಉಸಿರು ಎಳೆದುಕೊಂಡಳು. "ನಿನ್ನ ಹೊಲಿಗೆ ಗಟ್ಟಿಯಿತ್ತು. ಅದಕ್ಕೇ ಬಚಾವು."

ಸುರಕ್ಷತೆಯ ಕೋಣೆ

ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ ಕರೆಸಿದರು. ನರೆತ ಕೂದಲಿನ, ಉದ್ದನೆಯ ಮನುಷ್ಯ. ಒಳಗೆ ಹೋಗುವ ಮುಂಚೆ ರೇವತಿ ನನಗೆ, "ನೀನು ಸುಮ್ನಿರು. ಜೇಬು ಸರಿಯಾಗಿ ನೋಡ್ಕೊಂಡಿರಲಿಲ್ಲ ಅಂತ ಹೇಳ್ತೀನಿ," ಎಂದಳು.

"ಬೇಡ," ಎಂದೆ. "ನಾನೇ ಹೇಳ್ತೀನಿ."

ಅವಳು ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದಳು. ನಾನು ಕನ್ನಡದಲ್ಲಿ ಹೇಳಿದೆ, ಬಸವರಾಜ ಅವರ ಭಾಷೆಗೆ ತಿರುಗಿಸಿದ. ಮಗಳಿಗೆ ಗೊತ್ತಿರಲಿಲ್ಲ. ಹೊಲಿದದ್ದು ನಾನು. ಯಾಕೆ ಎಂದು ಅವರು ಕೇಳಿದರು.

"ಇವಳ ಅಪ್ಪ ಬಾವಿಗೆ ಇಳಿದರು. ಒಳಗೆ ಗಾಳಿ ಸರಿಯಿರಲಿಲ್ಲ. ಮೇಲೆ ಬರಲಿಲ್ಲ. ಇವಳ ಸೊಂಟದಲ್ಲಿ ಗಾಳಿಯ ಡಬ್ಬಿ ನೋಡಿದೆ."

ಬಸವರಾಜನಿಗೆ ಈ ವಿಷಯ ಗೊತ್ತಿರಲಿಲ್ಲ. ತಿರುಗಿಸಿ ಹೇಳಲು ಬಹಳ ಹೊತ್ತು ತೆಗೆದುಕೊಂಡ. ರೇವತಿ ಕಿಟಕಿಯ ಕಡೆ ತಿರುಗಿದಳು.

ಅಧಿಕಾರಿ ಎದ್ದು ಒಂದು ಚಿಕ್ಕ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಕೆಳಗೆ ಅಲ್ಲಲ್ಲಿ ಇಂಥವು ಇವೆಯಂತೆ, ಗಾಳಿ ಸ್ವಲ್ಪ ಕೆಟ್ಟರೂ ಕೂಗುತ್ತವಂತೆ. ಬಟನ್ನು ಒತ್ತಿ ಕೂಗಿಸಿ ತೋರಿಸಿದರು. ತನ್ವಿ ಬೆಚ್ಚಿ ಅತ್ತಳು. "ನೀವು ಅಂಜಿದ್ದು ಸರಿ ಐತಂತ್ರಿ," ಎಂದ ಬಸವರಾಜ. "ಅವರೂ ಅದಕ್ಕ ಅಂಜತಾರಂತ. ಅದಕ್ಕ ಇದನ್ನ ಇಟ್ಟಾರಂತ. ಆದ್ರ ಮೊಳಿ ಮಾತ್ರ..."

ನಿಯಮ ನಿಯಮವೇ. ಈ ಸಲದ ಪ್ರವಾಸದಲ್ಲಿ ರೇವತಿ ಮತ್ತೆ ಕೆಳಗೆ ಇಳಿಯುವಂತಿಲ್ಲ ಎಂದರು. ಅವಳ ಕೇಬಲ್ಲನ್ನು ಬೇರೊಬ್ಬರು ಸರಿಮಾಡಿದರು. ವರ್ಷಗಟ್ಟಲೆ ಅದಕ್ಕಾಗಿ ದುಡಿದವಳು ಅವಳು.

ಆಮೇಲೆ ಎರಡು ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಒಂದು ಬೆಳಿಗ್ಗೆ ಪಾತ್ರೆ ಒರೆಸುತ್ತಾ ತಾನಾಗಿ ಹೇಳಿದಳು. "ಲಿಫ್ಟಿನ ಬಾಗಿಲು ಮುಚ್ಚುವಾಗ ಪ್ರತಿ ಸಲ ಅಪ್ಪ ನೆನಪಾಗ್ತಾರೆ. ನಿಂಗೆ ಹೇಳಿದ್ರೆ ನೀನು ಹೆದರ್ತೀಯ ಅಂತ ಹೇಳಲ್ಲ."

"ಮತ್ತೆ ಯಾಕೆ ಇಳೀತೀಯ?"

"ನೋಡ್ಬೇಕು ಅನ್ನೋದು ಹೆದರಿಕೆಗಿಂತ ಒಂಚೂರು ಜಾಸ್ತಿ ಇರುತ್ತೆ. ಒಂಚೂರೇ." ತಟ್ಟೆ ಇಟ್ಟಳು. "ಇನ್ಮೇಲೆ ಹೆದರಿಕೆ ಆದ್ರೆ ನಂಗೆ ಹೇಳು. ಬಟ್ಟೆಗೆ ಹೊಲೀಬೇಡ."

ಕಂಟ್ರೋಲ್ ರೂಮು

ಹೊರಡುವ ಮುಂಚಿನ ವಾರ ಪ್ರೋಟಾನುಗಳ ಓಟ ಮತ್ತೆ ಶುರುವಾಯಿತು. ಓಟ ಇರುವಾಗ ಕೆಳಗೆ ಯಾರೂ ಇರುವಂತಿಲ್ಲ. ಎಲ್ಲರೂ ಮೇಲೆ ಒಂದು ಕೋಣೆಯಲ್ಲಿ ಪರದೆಗಳ ಮುಂದೆ ಕೂರುತ್ತಾರೆ. ಬಸವರಾಜ ಅನುಮತಿ ಕೊಡಿಸಿ ನನ್ನನ್ನೂ ಮಗುವನ್ನೂ ಒಳಗೆ ಕರೆದುಕೊಂಡು ಹೋದ. ನಾನು ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡು ನಿಂತೆ. ಎಷ್ಟೊಂದು ದೇಶದ ಜನ. ಎಲ್ಲರ ಕೈಯಲ್ಲೂ ಕಾಫಿ. ಪೂಜೆಯಿಲ್ಲ, ಕಾಯಿ ಒಡೆಯಲಿಲ್ಲ, ಯಾರೂ ಜೋರಾಗಿ ಮಾತೂ ಆಡಲಿಲ್ಲ.

ಇದ್ದಕ್ಕಿದ್ದಂತೆ ದೊಡ್ಡ ಪರದೆಯ ಮೇಲೆ ಒಂದು ಚುಕ್ಕೆಯಿಂದ ಗೆರೆಗಳು ಸಿಡಿದವು. ಹಳದಿ, ಹಸಿರು, ಕೆಲವು ನೆಟ್ಟಗೆ, ಕೆಲವು ಬಾಗಿ. ನಾನು ಮಗುವಿನ ತಲೆ ಮುಚ್ಚಿದೆ. ಸದ್ದೇ ಇರಲಿಲ್ಲ.

"ಅಮ್ಮ, ನೋಡು," ರೇವತಿ ಕುರ್ಚಿಯಿಂದಲೇ ತಿರುಗಿದಳು. "ಈಗ ಕೆಳಗೆ ಒಂದು ಡಿಕ್ಕಿ ಆಯ್ತು. ಎರಡು ಪ್ರೋಟಾನು. ಒಂದರ ಅಂಟಿನ ಕಣ ಇನ್ನೊಂದರ ಅಂಟಿನ ಕಣಕ್ಕೆ ಹೊಡೆದಿರ್ಬೇಕು. ಎಷ್ಟು ಪಾಲಿನದು ಅಂತ ಇನ್ನು ಲೆಕ್ಕ ಹಾಕ್ಬೇಕು." ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ಹೆದರಿಕೆ ಆಗ್ತಿದ್ಯಾ?"

ಕೋಣೆ ತುಂಬ ಜನ. ಕೆಲವರು ತಿರುಗಿ ನೋಡಿದರು.

"ಆಗ್ತಿದೆ," ಎಂದೆ. ದನಿ ಇಷ್ಟು ಜೋರಾಗಿ ಬಂತೆಂದು ನನಗೇ ನಾಚಿಕೆಯಾಯಿತು.

"ತುಂಬಾನಾ?"

"ತುಂಬಾ."

ಅವಳು ಪಕ್ಕದ ಖಾಲಿ ಕುರ್ಚಿಯನ್ನು ಕಾಲಿನಿಂದ ಹತ್ತಿರಕ್ಕೆ ಎಳೆದಳು. "ನಂಗೂ. ಇಷ್ಟು ವರ್ಷದ ನಮ್ಮ ಲೆಕ್ಕ ಸರಿಯಿರುತ್ತೋ ಇಲ್ವೋ. ಬಾ, ಕೂತ್ಕೋ. ಇನ್ನೊಂದು ಬರುತ್ತೆ."

ನಾನು ಗೋಡೆ ಬಿಟ್ಟು ಹೋಗಿ ಕೂತೆ.